ಇದು ದಾನದ ಎಮ್ಮೆಯಲ್ಲ

ಸರ್ಕಾರವು ಬಡವರಿಗೆ ಏನನ್ನಾದರೂ ಕೊಟ್ಟಿತೆಂದರೆ ಸಾಕು, ನಮ್ಮ ಪೇಟೆ ಬೀದಿಯಲ್ಲಿ ಎರಡು ಮಾತು ಹುಟ್ಟುತ್ತವೆ. "ಇದೆಲ್ಲ ಓಟಿನ ಆಸೆಗೆ, ಬಿಟ್ಟಿ ಕೂಳು ತಿಂದು ಜನ ಸೋಮಾರಿಗಳಾಗುತ್ತಾರೆ" ಎಂಬುದು ಒಂದು. "ಯಾತಕ್ಕಾದರೂ ಕೊಡಲಿ, ಕೊಟ್ಟವರೇ ನಮ್ಮ ಪಾಲಿನ ದೇವರು" ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ಆಡುವವರು ಸಾಮಾನ್ಯವಾಗಿ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಲ್ಲ. ಎರಡನೆಯದನ್ನು ಆಡುವವರು ನಮ್ಮವರೇ. ನಿಂತು ನಿಂತು ಕಾಲು ಸೋತವರು. ಈ ಎರಡು ಮಾತೂ ಒಪ್ಪತಕ್ಕವಲ್ಲವೆಂದು ಹೇಳುವುದಕ್ಕಾಗಿಯೇ ಈ ವಾರ ನಾವು ಲೇಖನಿ ಹಿಡಿದಿದ್ದೇವೆ.

2019ರ ಫೆಬ್ರವರಿಯಲ್ಲಿ, ಲೋಕಸಭೆಯ ಚುನಾವಣೆಗೆ ಕೆಲವೇ ವಾರಗಳಿದ್ದಾಗ, ಕೇಂದ್ರ ಸರ್ಕಾರವು ರೈತ ಕುಟುಂಬಗಳಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಯೋಜನೆಯ ಮೊದಲ ಕಂತನ್ನು ಹಂಚಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ನಮ್ಮ ರಾಜ್ಯದಲ್ಲಿ ಐದು ಗ್ಯಾರಂಟಿಗಳ ವಾಗ್ದಾನ ಬಂತು. ಗೆದ್ದು ಬಂದ ಸರ್ಕಾರ ಅದೇ ವರ್ಷದ ಜೂನ್ 11ರಿಂದ ಹೆಂಗಸರಿಗೆ ಬಸ್ಸಿನ ಟಿಕೆಟ್ ಹಣ ಬಿಟ್ಟಿತು. ಆಗಸ್ಟ್ ತಿಂಗಳ ಕೊನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆಗೆ ಚಾಲನೆ ಕೊಟ್ಟಿತು. ಪಕ್ಷ ಬೇರೆ, ಬಾವುಟ ಬೇರೆ. ದಾರಿ ಮಾತ್ರ ಒಂದೇ. ಈ ದಾರಿಯನ್ನು ಇವರಾರೂ ಹೊಸದಾಗಿ ಕಡಿದವರಲ್ಲ. ನೂರನಲವತ್ತು ವರ್ಷಗಳ ಹಿಂದೆ ಜರ್ಮನಿಯಲ್ಲಿ ಇದನ್ನು ಕಡಿದಾತ ಸಮಾಜವಾದವನ್ನು ಬದ್ಧದ್ವೇಷದಿಂದ ಕಂಡ ಒಬ್ಬ ಜಮೀನ್ದಾರ. ಅವನ ಕಥೆಯನ್ನು ತಿಳಿದರೆ ನಮ್ಮ ಕಥೆ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಓದುಗ ಬಂಧುಗಳು ನಮ್ಮೊಡನೆ ಸ್ವಲ್ಪ ದೂರ ಬರಬೇಕು.

ಒಂದು ಕೈಯಲ್ಲಿ ದೊಣ್ಣೆ

ಬಿಸ್ಮಾರ್ಕ್ ಎಂಬ ಹೆಸರು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಎಲ್ಲರೂ ಕಂಡದ್ದೇ. 1871ರಲ್ಲಿ ಜರ್ಮನಿಯನ್ನು ಒಂದು ಸಾಮ್ರಾಜ್ಯವಾಗಿ ಕಟ್ಟಿದವನು, 1890ರವರೆಗೆ ಅದರ ಚಾನ್ಸಲರ್ ಆಗಿದ್ದವನು. ಅವನ ಕಾಲದಲ್ಲಿ ಜರ್ಮನಿಯ ಊರೂರುಗಳಲ್ಲಿ ಕಬ್ಬಿಣದ ಕುಲುಮೆಗಳೂ ಗಿರಣಿಗಳೂ ಗಣಿಗಳೂ ಎದ್ದವು. ಹಳ್ಳಿ ಬಿಟ್ಟು ಬಂದ ಜನ ಅವುಗಳಲ್ಲಿ ಸೇರಿದರು. ಕೈ ಕತ್ತರಿಸಿಹೋದವನಿಗೆ ಗತಿಯಿರಲಿಲ್ಲ. ಎದೆಯಲ್ಲಿ ಹತ್ತಿಯ ಧೂಳೋ ಕಲ್ಲಿದ್ದಲಿನ ಪುಡಿಯೋ ತುಂಬಿ ಕೆಮ್ಮುವವನಿಗೆ ಕೂಲಿಯಿರಲಿಲ್ಲ. ಮುದುಕನಾದವನು ಮಕ್ಕಳ ಮನೆಯ ಮೂಲೆಯನ್ನೋ ಊರಿನ ಧರ್ಮದ ಗಂಜಿಯನ್ನೋ ನೆಚ್ಚಬೇಕಾಗಿತ್ತು.

1875ರಲ್ಲಿ ಗೋಥಾ ಎಂಬ ಊರಿನಲ್ಲಿ ಕಾರ್ಮಿಕರ ಎರಡು ಪಕ್ಷಗಳು ಸೇರಿ ಒಂದಾದವು. ಎರಡೇ ವರ್ಷಗಳಲ್ಲಿ, 1877ರ ಚುನಾವಣೆಯಲ್ಲಿ, ಆ ಪಕ್ಷಕ್ಕೆ ಐದು ಲಕ್ಷದ ಸಮೀಪ ಓಟು ಬಿತ್ತು; ಹನ್ನೆರಡು ಮಂದಿ ಪಾರ್ಲಿಮೆಂಟಿಗೆ ಹೋದರು. ಬಿಸ್ಮಾರ್ಕನಿಗೆ ನಿದ್ರೆ ಕೆಟ್ಟಿತು. ಮರುವರ್ಷ ಮೇ ಮತ್ತು ಜೂನ್ ತಿಂಗಳಲ್ಲಿ ಚಕ್ರವರ್ತಿಯ ಮೇಲೆ ಎರಡು ಬಾರಿ ಗುಂಡು ಹಾರಿತು. ಗುಂಡು ಹಾರಿಸಿದವರನ್ನು ಪಕ್ಷ ಕಳಿಸಿರಲಿಲ್ಲ. ಆದರೂ ನೆಪ ಸಿಕ್ಕಿತು. 1878ರ ಅಕ್ಟೋಬರಿನಲ್ಲಿ ಸಮಾಜವಾದಿಗಳ ವಿರುದ್ಧ ಕಾಯಿದೆ ಬಂತು. ಸಂಘಗಳು ಮುಚ್ಚಿದವು, ಸಭೆಗಳು ನಿಂತವು, ಪತ್ರಿಕೆಗಳು ಒಂದರ ಹಿಂದೊಂದು ಕಣ್ಣುಮುಚ್ಚಿದವು. ನೂರಾರು ಜನರನ್ನು ಅವರ ಸ್ವಂತ ಊರುಗಳಿಂದಲೇ ಹೊರದೂಡಿದರು. ಇನ್ನೂ ಹೆಚ್ಚು ಜನ ಸೆರೆಮನೆ ಕಂಡರು. ಅಭ್ಯರ್ಥಿಯಾಗಿ ಚುನಾವಣೆಗೆ ನಿಲ್ಲುವ ಹಕ್ಕೊಂದನ್ನು ಮಾತ್ರ ಆ ಕಾಯಿದೆ ಕಿತ್ತುಕೊಂಡಿರಲಿಲ್ಲ.

ಪತ್ರಿಕೆ ನಡೆಸುವ ಕಷ್ಟ ಬಲ್ಲವರಾದ ನಮಗೆ ಆ ಕಾಲದ ಒಂದು ಸಂಗತಿ ಬಹಳ ಹಿಡಿಸುತ್ತದೆ. ಪಕ್ಷದವರು 1879ರಿಂದ ತಮ್ಮ ವಾರಪತ್ರಿಕೆಯನ್ನು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಅಚ್ಚು ಹಾಕಿಸಿ, ಗಡಿ ದಾಟಿಸಿ, ಕಾರ್ಖಾನೆ ಕೇರಿಗಳಿಗೆ ಕದ್ದು ತಲುಪಿಸುತ್ತಿದ್ದರು. ಈ ಕಳ್ಳಟಪಾಲಿಗೆ 'ಕೆಂಪು ಅಂಚೆ' ಎಂದು ಹೆಸರು ಬಿತ್ತು. ಪೋಲೀಸರು ಹಿಡಿದಷ್ಟೂ ಪ್ರತಿಗಳು ಹೆಚ್ಚಿದವು.

ಇನ್ನೊಂದು ಕೈಯಲ್ಲಿ ರೊಟ್ಟಿ

ದೊಣ್ಣೆಯೊಂದರಿಂದ ಈ ಜನ ಮಣಿಯುವುದಿಲ್ಲವೆಂದು ಬಿಸ್ಮಾರ್ಕ್ ಬೇಗನೆ ತಿಳಿದುಕೊಂಡ. 1881ರ ನವೆಂಬರ್ 17ರಂದು ಚಕ್ರವರ್ತಿಯ ಹೆಸರಿನಲ್ಲಿ ಪಾರ್ಲಿಮೆಂಟಿಗೆ ಒಂದು ಸಂದೇಶ ಬಂತು. ಸಮಾಜವಾದಿಗಳನ್ನು ಅಡಗಿಸುವುದರಿಂದಷ್ಟೇ ಸಮಾಜದ ರೋಗ ವಾಸಿಯಾಗದು, ಕಾರ್ಮಿಕರ ಹಿತವನ್ನೂ ಸಾಧಿಸಬೇಕು ಎಂಬುದು ಅದರ ತಿರುಳು. ಕೇಳುವುದಕ್ಕೆ ಇಂಪಾಗಿಯೇ ಇದೆ. ಆದರೆ ಒಳಗಿನ ಲೆಕ್ಕ ಬೇರೆ. ಮುಪ್ಪಿಗೆ ಇಷ್ಟು ಪೆನ್ಷನ್ ಬರುತ್ತದೆಂದು ನೆಚ್ಚಿಕೊಂಡ ಮನುಷ್ಯ ಅದನ್ನು ಕೊಡುವ ರಾಜ್ಯಕ್ಕೆ ತಿರುಗಿ ಬೀಳಲಾರ, ಅವನನ್ನು ಅಂಕೆಯಲ್ಲಿಡುವುದೂ ಸುಲಭ ಎಂಬುದು ಬಿಸ್ಮಾರ್ಕನ ನಂಬಿಕೆ. ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ.

ಮೂರು ಕಾಯಿದೆಗಳು ಒಂದಾದ ಮೇಲೊಂದು ಬಂದವು.

1883ರಲ್ಲಿ ಕಾಯಿಲೆಯ ವಿಮೆ. ಚಂದಾದ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಕಾಯಿಲೆ ಬಿದ್ದವನಿಗೆ ವೈದ್ಯ, ಔಷಧಿ, ಮತ್ತು ಮೂರನೆಯ ದಿನದಿಂದ ಅರ್ಧ ಕೂಲಿ. ಹೆಚ್ಚೆಂದರೆ 13 ವಾರ. 1885ರ ಹೊತ್ತಿಗೆ ಸುಮಾರು 43 ಲಕ್ಷ ಜನ ಇದರೊಳಗೆ ಬಂದಿದ್ದರು.

1884ರಲ್ಲಿ ಅಪಘಾತದ ವಿಮೆ. ಇದರ ಹಣವನ್ನು ಮಾಲೀಕರೇ ತಮ್ಮ ತಮ್ಮ ಉದ್ಯಮದ ಸಂಘಗಳ ಮೂಲಕ ಕಟ್ಟಬೇಕು. ದುಡಿಯುವ ಶಕ್ತಿ ಪೂರ್ತಿ ಹೋದವನಿಗೆ ಕೂಲಿಯ ಮೂರರಲ್ಲಿ ಎರಡು ಪಾಲು ಸಿಗಬೇಕು. ತಪ್ಪು ಯಾರದೆಂದು ಕೋರ್ಟಿನಲ್ಲಿ ರುಜುವಾತು ಮಾಡುವ ಕಷ್ಟ ಕಾರ್ಮಿಕನಿಗೆ ತಪ್ಪಿತು.

1889ರಲ್ಲಿ ವೃದ್ಧಾಪ್ಯ ಮತ್ತು ಅಶಕ್ತತೆಯ ವಿಮೆ. ಕಾರ್ಮಿಕನದೂ ಮಾಲೀಕನದೂ ಸಮಪಾಲು. ಪ್ರತಿ ಪೆನ್ಷನ್ನಿಗೂ ಸರ್ಕಾರದ್ದು ವರ್ಷಕ್ಕೆ 50 ಮಾರ್ಕ್. ವಾರವಾರವೂ ಒಂದು ಚೀಟಿಗೆ ಸ್ಟಾಂಪ್ ಅಂಟಿಸಬೇಕು. ಜನ ಇದನ್ನು 'ಅಂಟಿಸುವ ಕಾಯಿದೆ' ಎಂದೇ ಗೇಲಿ ಮಾಡಿದರು.

ಇಷ್ಟನ್ನೂ ಓದಿದವನು, "ಹಾಗಾದರೆ ಬಿಸ್ಮಾರ್ಕ್ ಒಳ್ಳೆಯವನೇ ಅಲ್ಲವೇ?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ಕಾಲದಲ್ಲಿ ಭೂಮಂಡಲದ ಇನ್ನಾವ ದೊಡ್ಡ ರಾಜ್ಯವೂ ಇಂತಹ ಏರ್ಪಾಡನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿರಲಿಲ್ಲ. ಕೈ ಕಳೆದುಕೊಂಡವನ ಹೆಂಡತಿ ಮಕ್ಕಳು ಉಪವಾಸ ಬೀಳದೆ ಉಳಿದರೆ ಅದು ಉಪಕಾರವೇ. ಕೊಟ್ಟವನ ಮನಸ್ಸು ಕೆಟ್ಟದ್ದೆಂದು ರೊಟ್ಟಿ ಕಹಿಯಾಗುವುದಿಲ್ಲ. ಇದನ್ನು ನಾವು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ಕೊಟ್ಟದ್ದೆಷ್ಟು, ಕಸಿದದ್ದೆಷ್ಟು

ಆದರೆ ನಮ್ಮ ಓದುಗರಲ್ಲಿ ತಕ್ಕಡಿ ಹಿಡಿಯುವ ವ್ಯಾಪಾರಿಗಳೂ ಇದ್ದಾರೆ. ಒಂದು ತಟ್ಟೆಯನ್ನಷ್ಟೇ ನೋಡಿ ತೂಕ ಹೇಳುವವರು ಅವರಲ್ಲ. ಇನ್ನೊಂದು ತಟ್ಟೆಯಲ್ಲಿ ಏನಿತ್ತೆಂಬುದನ್ನೂ ನೋಡೋಣ.

ಮೊದಲನೆಯದಾಗಿ, ವೃದ್ಧಾಪ್ಯದ ಪೆನ್ಷನ್ ಸಿಗುತ್ತಿದ್ದುದು 70 ವರ್ಷ ತುಂಬಿದವನಿಗೆ. 65 ಎಂದು ಅನೇಕರು ಹೇಳುವುದುಂಟು. ಅದು ಸರಿಯಲ್ಲ, 65 ಆದದ್ದು 1916ರಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ಕಾರ್ಖಾನೆ ಸೇರಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದವರಲ್ಲಿ ಎಪ್ಪತ್ತು ಕಂಡವರೆಷ್ಟು ಮಂದಿ? ಚಂದಾ ಕಟ್ಟಿದವರು ಲಕ್ಷಗಟ್ಟಲೆ. ಪೆನ್ಷನ್ ಉಂಡವರು ಕೆಲವರು. ದುಡಿಮೆಯಲ್ಲಿ ಮೈ ಮುರಿದು ಅಶಕ್ತರಾದವರ ಪೆನ್ಷನ್ನೇ ನಿಜವಾಗಿ ಹೆಚ್ಚು ಜನರಿಗೆ ಒದಗಿದ್ದು.

ಎರಡನೆಯದಾಗಿ, 1879ರಲ್ಲಿ ಅದೇ ಬಿಸ್ಮಾರ್ಕ್ ಹೊರದೇಶದ ಧಾನ್ಯದ ಮೇಲೆ ಸುಂಕ ಹಾಕಿದ. 100 ಕಿಲೋಗೆ ಮೊದಲು 1 ಮಾರ್ಕ್. 1885ರಲ್ಲಿ 3 ಮಾರ್ಕ್. 1887ರಲ್ಲಿ 5 ಮಾರ್ಕ್. ಲಾಭ ಯಾರಿಗೆ? ಪೂರ್ವ ಜರ್ಮನಿಯ ದೊಡ್ಡ ಜಮೀನ್ದಾರರಿಗೆ, ಅಂದರೆ ಬಿಸ್ಮಾರ್ಕನ ಸ್ವಂತ ಬಳಗಕ್ಕೆ. ನಷ್ಟ ಯಾರಿಗೆ? ರೊಟ್ಟಿ ಕೊಂಡು ತಿನ್ನುವವನಿಗೆ. ಮುಂದೆ ಎಂದೋ ಎಪ್ಪತ್ತಕ್ಕೆ ಬರುವ ಪೆನ್ಷನ್ ಒಂದು ಕಡೆ. ಇಂದು ಸಂಜೆಯ ರೊಟ್ಟಿಯ ಬೆಲೆ ಇನ್ನೊಂದು ಕಡೆ. ಕೊಡುವಾಗ ಡಂಗುರ ಹೊಡೆಸಿದರು, ಕಸಿಯುವಾಗ ಸದ್ದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ. ಕೆಲಸದ ಗಂಟೆ ಕಡಿಮೆ ಮಾಡಿ, ಭಾನುವಾರ ರಜೆ ಕೊಡಿ, ಕಾರ್ಖಾನೆಯ ತಪಾಸಣೆ ಬಿಗಿ ಮಾಡಿ ಎಂದು ಕೇಳಿದಾಗಲೆಲ್ಲ ಬಿಸ್ಮಾರ್ಕ್ ಅಡ್ಡ ನಿಂತ. ಕೈ ತುಂಡಾದ ಮೇಲೆ ಹಣ ಕೊಡಿಸಲು ಅವನು ಸಿದ್ಧ. ಕೈ ತುಂಡಾಗದಂತೆ ಯಂತ್ರಕ್ಕೆ ಬೇಲಿ ಹಾಕಿಸೆಂದು ಮಾಲೀಕನಿಗೆ ಆಜ್ಞೆ ಮಾಡಲು ಸಿದ್ಧನಲ್ಲ. ಕಾರಣವೇನು? ಹಣ ಕೊಟ್ಟರೆ ಕಾರ್ಖಾನೆಯೊಳಗೆ ಮಾಲೀಕನ ದೊರೆತನ ಹಾಗೆಯೇ ಉಳಿಯುತ್ತದೆ. ಗಂಟೆ ಕಡಿಮೆ ಮಾಡಿದರೆ, ತಪಾಸಣೆಗೆ ಬಾಗಿಲು ತೆರೆದರೆ, ಆ ದೊರೆತನದಲ್ಲಿ ಬಿರುಕು ಬೀಳುತ್ತದೆ. ಭಾನುವಾರದ ರಜೆಯೂ ಹೆಂಗಸರ ಮಕ್ಕಳ ದುಡಿಮೆಯ ಮೇಲೆ ಮಿತಿಯೂ ಕಾಯಿದೆಯಾಗಿ ಬಂದದ್ದು 1891ರಲ್ಲಿ, ಬಿಸ್ಮಾರ್ಕ್ ಅಧಿಕಾರದಿಂದ ಇಳಿದ ಮೇಲೆ.

ಜನ ಏನು ಮಾಡಿದರು?

ಇನ್ನು ಫಲದ ಮಾತು. ರೊಟ್ಟಿ ಕೊಟ್ಟು ಮನಸ್ಸು ಕೊಂಡುಕೊಳ್ಳುವ ವ್ಯಾಪಾರದಲ್ಲಿ ಬಿಸ್ಮಾರ್ಕನಿಗೆ ದಕ್ಕಿದ್ದೇನು? ಅಂಕಿಗಳನ್ನೇ ಕೇಳೋಣ. 1881ರಲ್ಲಿ, ದೊಣ್ಣೆಯ ಪೆಟ್ಟು ಹಸಿಯಾಗಿದ್ದಾಗ, ಸಮಾಜವಾದಿಗಳಿಗೆ ಬಿದ್ದ ಓಟು ಸುಮಾರು 3 ಲಕ್ಷ 12 ಸಾವಿರ. ಕಾಯಿಲೆಯ ವಿಮೆ ಬಂದ ಮರುವರ್ಷ, 1884ರಲ್ಲಿ, 5 ಲಕ್ಷ 50 ಸಾವಿರ. 1887ರಲ್ಲಿ 7 ಲಕ್ಷ 63 ಸಾವಿರ. ಮೂರು ವಿಮೆಗಳೂ ಕಾಯಿದೆಯಾದ ಮೇಲೆ, 1890ರ ಫೆಬ್ರವರಿಯಲ್ಲಿ, 14 ಲಕ್ಷ 27 ಸಾವಿರ! ಜರ್ಮನಿಯ ಬೇರೆ ಯಾವ ಪಕ್ಷಕ್ಕೂ ಅಷ್ಟು ಓಟು ಬಿದ್ದಿರಲಿಲ್ಲ. ಅದಕ್ಕೆ ಹಿಂದಿನ ವರ್ಷ ರೂರ್ ಪ್ರದೇಶದ ಗಣಿಗಳಲ್ಲಿ ಸುಮಾರು 90,000 ಜನ ಮುಷ್ಕರ ಹೂಡಿದ್ದರು. 1890ರ ಮಾರ್ಚಿಯಲ್ಲಿ ಬಿಸ್ಮಾರ್ಕ್ ಹುದ್ದೆ ಬಿಟ್ಟ. ಸೆಪ್ಟೆಂಬರ್ ಕೊನೆಗೆ ದಮನದ ಕಾಯಿದೆಯೂ ಸತ್ತಿತು. ಕಾರ್ಮಿಕರು ರೊಟ್ಟಿಯನ್ನು ತೆಗೆದುಕೊಂಡರು, ಓಟನ್ನು ತಮ್ಮಲ್ಲೇ ಇಟ್ಟುಕೊಂಡರು.

"ಬಿಟ್ಟಿ ಕೊಟ್ಟರೆ ಜನ ತಲೆ ಮಾರಿಕೊಳ್ಳುತ್ತಾರೆ" ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ? ಬಡವನು ಕೈಯೊಡ್ಡುವಾಗ ಅವನ ಬುದ್ಧಿ ಎಲ್ಲಿಗೂ ಓಡಿಹೋಗಿರುವುದಿಲ್ಲ.

ಇನ್ನೊಂದು ಮಾತನ್ನು ಸ್ವತಃ ಬಿಸ್ಮಾರ್ಕನ ಬಾಯಿಂದಲೇ ತೆಗೆದುಕೊಳ್ಳಬಹುದು. 1884ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು ಅವನು ಒಪ್ಪಿಕೊಂಡ: ಸಮಾಜವಾದಿ ಪಕ್ಷವೊಂದು ಇಲ್ಲದೆ ಹೋಗಿದ್ದರೆ, ಅದಕ್ಕೆ ಅಂಜುವ ಜನ ಇಲ್ಲದೆ ಹೋಗಿದ್ದರೆ, ಈಗ ಆಗಿರುವ ಅಷ್ಟಿಷ್ಟು ಸುಧಾರಣೆಯೂ ಆಗುತ್ತಿರಲಿಲ್ಲ ಎಂದು. ಶತ್ರುವಿನ ಬಾಯಿಂದ ಬಂದ ಈ ಸಾಕ್ಷಿಯನ್ನು ನಮ್ಮ ಪ್ರತಿ ಸಂಘದ ಕಚೇರಿಯ ಗೋಡೆಗೂ ಬರೆಸಬೇಕು. ಅಳದ ಮಗುವಿಗೆ ತಾಯಿಯೂ ಹಾಲು ಕುಡಿಸಳು ಎಂಬ ಗಾದೆ ನಮ್ಮಲ್ಲಿದೆ. ಸರ್ಕಾರವಂತೂ ತಾಯಿಯಲ್ಲ.

ನಮ್ಮವರು ಮಾಡಿದ ತಪ್ಪು, ತಿದ್ದಿಕೊಂಡ ಬಗೆ

ನ್ಯಾಯವಾಗಿ ನಮ್ಮ ಕಡೆಯವರ ತಪ್ಪನ್ನೂ ಹೇಳಬೇಕು. ಈ ಮೂರು ಕಾಯಿದೆಗಳಿಗೂ ಸಮಾಜವಾದಿ ಸದಸ್ಯರು ವಿರುದ್ಧವಾಗಿ ಓಟು ಹಾಕಿದರು. ಕೊಟ್ಟದ್ದು ಸಾಲದು, ಕೊಟ್ಟ ಉದ್ದೇಶ ನೇರವಲ್ಲ ಎಂಬುದು ಅವರ ವಾದ. ವಾದ ನಿಜವೇ. ಆದರೆ ಕಾಯಿದೆ ಬಂದ ಮೇಲೆ ದೂರ ನಿಂತು ಮೂತಿ ತಿರುಗಿಸಿದ್ದರೆ ಆ ನಿಧಿಗಳೆಲ್ಲ ಮಾಲೀಕರ ಮತ್ತು ಅಧಿಕಾರಿಗಳ ಪಾಲಾಗುತ್ತಿದ್ದವು. ಅವರು ಹಾಗೆ ಮಾಡಲಿಲ್ಲ. ಕಾಯಿಲೆಯ ನಿಧಿಯ ಆಡಳಿತ ಮಂಡಳಿಯಲ್ಲಿ ಹಣ ಹಾಕಿದಷ್ಟು ಮಾತು ಎಂಬ ನಿಯಮವಿತ್ತು. ಮೂರರಲ್ಲಿ ಎರಡು ಪಾಲು ಚಂದಾ ಕಟ್ಟುವ ಕಾರ್ಮಿಕರಿಗೆ ಮೂರರಲ್ಲಿ ಎರಡು ಪಾಲು ಸ್ಥಾನ. ಅದೂ ತಾವೇ ಆರಿಸಿ ಕಳಿಸುವ ಪ್ರತಿನಿಧಿಗಳಿಗೆ. ಈ ಬಾಗಿಲಿನಿಂದ ಸಂಘದ ಜನ ಒಳಗೆ ಹೋದರು. ಲೆಕ್ಕ ಬರೆಯುವುದನ್ನೂ ಆಸ್ಪತ್ರೆಯೊಡನೆ ಕರಾರು ಮಾಡುವುದನ್ನೂ ವೈದ್ಯನನ್ನು ಪ್ರಶ್ನಿಸುವುದನ್ನೂ ಕಲಿತರು. ಮಾಲೀಕರ ಕರಿಪಟ್ಟಿಗೆ ಸೇರಿ ಎಲ್ಲಿಯೂ ಕೆಲಸ ಸಿಗದ ಸಂಗಾತಿಗಳಲ್ಲಿ ಕೆಲವರಿಗೆ ಅಲ್ಲಿ ಅನ್ನವೂ ಸಿಕ್ಕಿತು. 1903ರಲ್ಲಿ ಕಾಯಿಲೆಯ ಭತ್ಯದ ಅವಧಿ 13 ವಾರದಿಂದ 26 ವಾರಕ್ಕೆ ಏರಿತು. ಕಾರ್ಮಿಕರನ್ನು ಕಟ್ಟಿಹಾಕಲು ಬಿಸ್ಮಾರ್ಕ್ ಹೊಸೆದ ಹಗ್ಗವನ್ನೇ ಹಿಡಿದು ಅವರು ಗೋಡೆ ಹತ್ತಿದರು.

ಈ ನಿಧಿಗಳ ಕಥೆಗೆ ಒಂದು ಕರಾಳ ಅಧ್ಯಾಯವೂ ಇದೆ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಮೊದಲು ಕೈ ಹಾಕಿದ ಜಾಗಗಳಲ್ಲಿ ಇದೂ ಒಂದು. ಸಮಾಜವಾದಿಗಳೆಂದು, ಯೆಹೂದ್ಯರೆಂದು ಸಾವಿರಾರು ನೌಕರರನ್ನು ಹೊರಗಟ್ಟಿದರು; ಮರುವರ್ಷ ಕಾಯಿದೆ ಮಾಡಿ ಚುನಾಯಿತ ಮಂಡಳಿಗಳ ಅಧಿಕಾರವನ್ನು ಮೇಲಿನಿಂದ ನೇಮಿಸಿದ ಒಬ್ಬನ ಕೈಗೆ ಕೊಟ್ಟರು. ವಿಮೆ ಮುಂದುವರಿಯಿತು, ಸ್ಟಾಂಪ್ ಅಂಟಿಸುವುದು ಮುಂದುವರಿಯಿತು. ಮಾತನಾಡುವ ಹಕ್ಕು ಮಾತ್ರ ಉಳಿಯಲಿಲ್ಲ. ಭತ್ಯ ಕೊಡುವ ಸರ್ಕಾರವೆಲ್ಲ ಜನರ ಸರ್ಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಘೋರವಾದ ಪಾಠ ಬೇಡ.

ನಮ್ಮ ಚೀಟಿ, ನಮ್ಮ ಹಣ

ಈಗ ಮನೆಗೆ ಬರೋಣ. ನಮ್ಮ ಗಿರಣಿ ಕಾರ್ಮಿಕರು ದಿನನಿತ್ಯ ಹೇಳುವ ಇ.ಎಸ್.ಐ. ಎಂಬುದು ಇದೇ ಬಳ್ಳಿಯ ಕಾಯಿ. ಪ್ರೊಫೆಸರ್ ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿ, 1948ರಲ್ಲಿ ಕಾಯಿದೆಯಾಗಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ಈಗ ಅದನ್ನು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. 2020ರ ಆ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಯಾಯಿತು.

ಸಾಮಾನ್ಯ ಕಾಯಿಲೆಗೆ ಇ.ಎಸ್.ಐ. ಕೊಡುವ ಭತ್ಯ ಕೂಲಿಯ ಶೇಕಡ 70, ವರ್ಷಕ್ಕೆ 91 ದಿನ. ಕ್ಷಯದಂತಹ ದೀರ್ಘ ರೋಗಗಳಿಗೆ ಇನ್ನೂ ಹೆಚ್ಚು ಕಾಲದ ಏರ್ಪಾಡಿದೆಯೆಂಬುದನ್ನು ಮರೆಮಾಚುವುದಿಲ್ಲ. ಆದರೆ 91 ದಿನವನ್ನು ಏಳರಿಂದ ಭಾಗಿಸಿ ನೋಡಿ. ಹದಿಮೂರು ವಾರ! ಬಿಸ್ಮಾರ್ಕ್ 1883ರಲ್ಲಿ ಎಳೆದ ಗೆರೆಯೂ ಅದೇ.

ಹಣದ ಲೆಕ್ಕವನ್ನೂ ನೋಡಿ. 2019ರ ಜುಲೈಯಿಂದ ಕಾರ್ಮಿಕನ ಚಂದಾ ಶೇಕಡ 1.75ರಿಂದ 0.75ಕ್ಕೆ ಇಳಿಯಿತು, ಮಾಲೀಕನದು 4.75ರಿಂದ 3.25ಕ್ಕೆ. ಹತ್ತು ಸಾವಿರ ರೂಪಾಯಿ ಸಂಬಳದವನಿಗೆ ತಿಂಗಳಿಗೆ 100 ರೂಪಾಯಿ ಉಳಿಯಿತು; ಅವನ ಲೆಕ್ಕದಲ್ಲಿ ಮಾಲೀಕನಿಗೆ 150 ಉಳಿಯಿತು. ನಿಧಿಗೆ ಬರುವ 250 ನಿಂತಿತು. ಕೈಯಲ್ಲಿ ನೂರು ಉಳಿದದ್ದು ಎಲ್ಲರಿಗೂ ಕಂಡಿತು. ನಿಧಿಗೆ ಇನ್ನೂರೈವತ್ತು ತಪ್ಪಿದ್ದು ಔಷಧದ ಕಿಟಕಿಯ ಮುಂದೆ ನಿಂತಾಗ ಕಾಣಬೇಕಾದದ್ದು. ನಿಧಿಯಲ್ಲಿ ಹಣ ಹೆಚ್ಚಾಗಿ ಕೊಳೆಯುತ್ತಿದ್ದರೆ ಚಂದಾ ಇಳಿಸುವುದೊಂದೇ ದಾರಿಯೇ? ಊರಿಗೊಂದು ಆಸ್ಪತ್ರೆ, ಆಸ್ಪತ್ರೆಗೆ ಸಾಕಷ್ಟು ವೈದ್ಯರು ಎಂಬ ದಾರಿ ಇರಲಿಲ್ಲವೇ?

ಈ ಪ್ರಶ್ನೆಯನ್ನು ಕೇಳಬೇಕಾದ ಜಾಗದಲ್ಲಿ ನಮ್ಮವರು ಎಷ್ಟು ಮಂದಿ? ಕಾರ್ಪೊರೇಷನ್ನಿನಲ್ಲಿ ಮಾಲೀಕರ ಕಡೆ ಹತ್ತು, ಕಾರ್ಮಿಕರ ಕಡೆ ಹತ್ತು. ಆದರೆ ಆ ಹತ್ತು ಮಂದಿಯನ್ನೂ ನಾವು ಆರಿಸುವುದಿಲ್ಲ. ಕೇಂದ್ರ ಸರ್ಕಾರ ನೇಮಿಸುತ್ತದೆ. "ಮಾಲೀಕನೇ ಹೆಚ್ಚು ಚಂದಾ ಕಟ್ಟುವಾಗ ನಿಮಗೇಕೆ ಅಷ್ಟು ಮಾತು?" ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಆ 325 ರೂಪಾಯಿಯನ್ನು ಮಾಲೀಕ ತನ್ನ ಜೇಬಿನ ಖರ್ಚೆಂದು ಬರೆಯುವುದಿಲ್ಲ, ಕೂಲಿಯ ಖರ್ಚೆಂದು ಬರೆಯುತ್ತಾನೆ. ಅವನ ಖಾತೆ ಪುಸ್ತಕವೇ ಅದು ನಮ್ಮ ದುಡಿಮೆಯ ಭಾಗವೆಂದು ಒಪ್ಪಿಕೊಂಡಿದೆ.

ಪೆನ್ಷನ್ನಿನ ಕಥೆಯೂ ಇದೇ. 1995ರ ಕಾರ್ಮಿಕರ ಪೆನ್ಷನ್ ಯೋಜನೆಯಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು 2014ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ಮೂವತ್ತು ವರ್ಷ ನೂಲಿನ ಎಳೆ ಕಟ್ಟಿ ಕಣ್ಣು ಮಂಜಾದವನು ಆ ಹಣದಲ್ಲಿ ಅಕ್ಕಿ ಕೊಳ್ಳಬೇಕೋ ಮಾತ್ರೆ ಕೊಳ್ಳಬೇಕೋ ಎಂದು ಅಂಗಡಿಯ ಮುಂದೆ ನಿಂತು ಯೋಚಿಸುತ್ತಾನೆ.

ಅಂಗಡಿಯ ಒಳಗೆ ಕೂತವನ ಪಾಡೇನು? ಬಿಸ್ಮಾರ್ಕನ ಕಾಯಿದೆಗಳಲ್ಲಿ ಸ್ವಂತ ಅಂಗಡಿಯವನಿಗೂ ಸ್ವಂತ ಕಸುಬಿನವನಿಗೂ ಜಾಗವಿರಲಿಲ್ಲ. ಕುಶಲಕರ್ಮಿಗಳಿಗೆ ಅಲ್ಲಿ ವೃದ್ಧಾಪ್ಯದ ವಿಮೆ ಕಡ್ಡಾಯವಾದದ್ದು 1938ರಲ್ಲಿ. ನಮ್ಮಲ್ಲಿ 2019ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಒಂದು ಪೆನ್ಷನ್ ಯೋಜನೆ ಪ್ರಕಟವಾಯಿತು. 18ರಿಂದ 40 ವಯಸ್ಸಿನೊಳಗೆ ಸೇರಬೇಕು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಸರ್ಕಾರವೂ ಅಷ್ಟೇ ಕಟ್ಟುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000. ಒಳ್ಳೆಯದೇ. ಆದರೆ ನಲವತ್ತು ದಾಟಿದ ದಿನಸಿ ಅಂಗಡಿಯವನಿಗೆ ಆ ಬಾಗಿಲು ಮುಚ್ಚಿದೆ. ಇಂದು ಹದಿನೆಂಟರ ಹುಡುಗನಿಗೆ ಆ ಮೂರು ಸಾವಿರ ಕೈಗೆ ಬರುವುದು ನಲವತ್ತೆರಡು ವರ್ಷದ ಮೇಲೆ. ಆಗ ಮೂರು ಸಾವಿರಕ್ಕೆ ಏನು ಬರುತ್ತದೆಂದು ಯಾವ ವ್ಯಾಪಾರಿಗೂ ನಾವು ಹೇಳಿಕೊಡಬೇಕಾಗಿಲ್ಲ.

ಕಾರ್ಮಿಕ ಬೇರೆ, ವ್ಯಾಪಾರಿ ಬೇರೆ ಎಂದು ಎಣಿಸುವವರು ಮುಷ್ಕರದ ದಿನಗಳನ್ನು ನೆನೆಯಲಿ. ಗಿರಣಿಯ ಕೂಗು ನಿಂತಾಗ ಕೇರಿಯ ಒಲೆ ಉರಿಯುವುದು ಅಂಗಡಿಯ ಉದ್ರಿ ಪುಸ್ತಕದಿಂದ. ಕೂಲಿ ಏರದೆ ಹೋದರೆ ಆ ಪುಸ್ತಕದ ಬಾಕಿ ತೀರುವುದಿಲ್ಲ. ಒಬ್ಬನ ಭದ್ರತೆ ಇನ್ನೊಬ್ಬನ ವ್ಯಾಪಾರ.

ಹಲ್ಲು ನೋಡುವ ಬಗೆ

ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ನಮ್ಮ ಹಿರಿಯರ ಗಾದೆ. ಗಾದೆ ಸರಿಯೇ. ಆದರೆ ಇದು ದಾನದ ಎಮ್ಮೆಯಲ್ಲ. ನಾವು ಕೊಳ್ಳುವ ಸೋಪಿನಲ್ಲಿ, ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ತೆರಿಗೆಯಿದೆ. ನಮ್ಮ ಸಂಬಳದಿಂದ ಚಂದಾ ಹೋಗುತ್ತದೆ. ಹಣ ಕೊಟ್ಟು ಕೊಂಡ ಎಮ್ಮೆಯ ಹಲ್ಲು ಎಣಿಸದವನನ್ನು ಸಂತೆಯಲ್ಲಿ ಏನೆನ್ನುತ್ತಾರೆ?

ಯಾವ ಸರ್ಕಾರದ ಯಾವ ಯೋಜನೆ ಬಂದರೂ ನಾಲ್ಕು ಪ್ರಶ್ನೆ ಕೇಳಿರಿ ಎಂದು ನಾವು ಸೂಚಿಸುತ್ತೇವೆ.

ಒಂದು, ಇದು ಹಕ್ಕೋ, ಕೃಪೆಯೋ? 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯವೆಂದು ಬರೆದಿದೆ. ಅದನ್ನು ಕಿತ್ತುಕೊಳ್ಳಬೇಕಾದರೆ ಪಾರ್ಲಿಮೆಂಟಿನಲ್ಲಿ ಎಲ್ಲರೆದುರು ಕೈ ಎತ್ತಬೇಕು. ಬರಿಯ ಸರ್ಕಾರಿ ಆಜ್ಞೆಯಿಂದ ಬಂದದ್ದು ಇನ್ನೊಂದು ಆಜ್ಞೆಯಿಂದ ಹೋಗುತ್ತದೆ.

ಎರಡು, ಹಣ ಯಾರ ಜೇಬಿನಿಂದ? ದೊಡ್ಡ ಧಣಿಯ ಆದಾಯದಿಂದಲೋ, ನಮ್ಮ ರೊಟ್ಟಿಯ ಬೆಲೆಯಿಂದಲೋ?

ಮೂರು, ಇದರಿಂದ ಗಾಯಕ್ಕೆ ಮದ್ದು ಮಾತ್ರವೋ, ಗಾಯವಾಗದಂತೆ ತಡೆಯೂ ಉಂಟೋ? ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂದರೆ ದೂರದ ಕಾರ್ಖಾನೆಗೆ ಹೋಗುವ ತಂಗಿಯ ಕೈಯಲ್ಲಿ ತಿಂಗಳಿಗೆ ನಾಲ್ಕು ಕಾಸು ಉಳಿಯುತ್ತದೆ. ಅದನ್ನು ಬಿಟ್ಟಿಯೆಂದು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಬಸ್ಸು ಇಳಿದು ಒಳಗೆ ಹೋದ ಮೇಲೆ ಅವಳಿಗೆ ಸಿಗುವ ಕೂಲಿ ಎಷ್ಟು, ದುಡಿಯುವ ಗಂಟೆ ಎಷ್ಟು ಎಂಬ ಪ್ರಶ್ನೆಯನ್ನು ಟಿಕೆಟ್ಟಿನೊಡನೆ ಹರಿದುಹಾಕಲಾಗದು.

ನಾಲ್ಕು, ಆಡಳಿತದಲ್ಲಿ ನಮ್ಮ ಕೈ ಇದೆಯೋ ಇಲ್ಲವೋ? ನಾವು ಆರಿಸಿದವರು ಲೆಕ್ಕ ನೋಡುತ್ತಾರೋ, ನಮ್ಮ ಹೆಸರಿನಲ್ಲಿ ಮತ್ತೊಬ್ಬರು ಸಹಿ ಮಾಡುತ್ತಾರೋ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಕೊಟ್ಟದ್ದನ್ನು ಬೇಡವೆನ್ನಬೇಕೇ? ಬೇಡವೆನ್ನಬೇಡಿರಿ. ತೆಗೆದುಕೊಳ್ಳಿರಿ, ತಲೆ ತಗ್ಗಿಸದೆ ತೆಗೆದುಕೊಳ್ಳಿರಿ. ಓಟು ಕೇಳುವವನು ಕೊಟ್ಟದ್ದನ್ನು ನೆನಪಿಸಿದರೆ, ಕೊಡದೆ ಉಳಿಸಿಕೊಂಡದ್ದನ್ನು ನೀವು ನೆನಪಿಸಿರಿ. ಸಂಘದ ಮುಂದಿನ ಸಭೆಯಲ್ಲಿ ಇ.ಎಸ್.ಐ. ಮಂಡಳಿಗೆ ಕಾರ್ಮಿಕರೇ ಪ್ರತಿನಿಧಿಗಳನ್ನು ಆರಿಸಬೇಕೆಂಬ ನಿರ್ಣಯ ಬರಲಿ. ವರ್ತಕರ ಸಂಘದಲ್ಲಿ ನಲವತ್ತು ದಾಟಿದ ಸಣ್ಣ ವ್ಯಾಪಾರಿಯ ಪೆನ್ಷನ್ನಿನ ಪ್ರಶ್ನೆ ಏಳಲಿ. ಅಂಜುವವರಿದ್ದಾರೆ ಎಂದು ತಿಳಿದಾಗ ಮಾತ್ರ ಸುಧಾರಣೆ ಬರುತ್ತದೆಂದು ಬಿಸ್ಮಾರ್ಕನೇ ಸಾಕ್ಷಿ ಹೇಳಿ ಹೋಗಿದ್ದಾನೆ. ಅಂಜಿಕೆ ಹುಟ್ಟಿಸುವ ಬಲ ಒಬ್ಬನ ಅರ್ಜಿಯಲ್ಲಿಲ್ಲ, ಅದು ಸಂಘದಲ್ಲಿದೆ.